ಸೋಣದಲ್ಲಿ ಸಿಟ್ಟಾದ ಪೆಟ್ಟಿಗೆ: ಪರ್ಕಳದ ಒಂದು ತುಡುವೆ ಕುಟುಂಬದ ಪ್ರಕರಣ

ಉಡುಪಿಯಿಂದ ಮಣಿಪಾಲ ದಾಟಿ ಹಿರಿಯಡಕದ ಕಡೆ ಹೋದರೆ ಪರ್ಕಳ. ಅಲ್ಲಿ ಹದಿನೈದು ಸೆಂಟ್ಸ್ ಜಾಗದಲ್ಲಿ ಒಂದು ಹಂಚಿನ ಮನೆ, ಹಿತ್ತಿಲಲ್ಲಿ ನಾಲ್ಕು ತೆಂಗು, ಒಂದು ಬಿಂಬುಳಿ ಮರ, ದಾಸವಾಳದ ಬೇಲಿ. ಬೇಲಿಯ ಹತ್ತಿರ ಒಂದು ಜೇನು ಪೆಟ್ಟಿಗೆ, ಏಳು ಎರಿ, ಅಂದರೆ ಮೇಣದ ತಟ್ಟಿ, ಹಿಡಿಯುವ ನ್ಯೂಟನ್ ಮಾದರಿಯದ್ದು. ಮನೆಯವರು ನಿವೃತ್ತ ಹೈಸ್ಕೂಲು ಮಾಷ್ಟ್ರು. ಪುತ್ತೂರು ಕಡೆಯಿಂದ ತುಡುವೆಯ, ಅಂದರೆ ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಜೇನಿನ, ಒಂದು ಕುಟುಂಬ ತಂದು ಹವ್ಯಾಸಕ್ಕೆ ಸಾಕಿದವರು. ಮೊದಲ ಎರಡು ವರ್ಷ ಅದು ಯಾರಿಗೂ ತೊಂದರೆ ಕೊಟ್ಟದ್ದಿಲ್ಲ. ಮಾಷ್ಟ್ರು ಬನಿಯನ್ನಿನಲ್ಲೇ ಹೋಗಿ ಮುಚ್ಚಳ ಎತ್ತಿ, ಮೊಮ್ಮಗಳಿಗೆ ರಾಣಿ ತೋರಿಸಿ ಬರುತ್ತಿದ್ದರು. ನಮ್ಮ ಜಿಲ್ಲೆಗಳಲ್ಲಿ ಇದು ಹೊಸತೇನೂ ಅಲ್ಲ. ತುಡುವೆ ನೋಡಲು ಮುಖಪರದೆ ಹಾಕಿದವನನ್ನು ಕಂಡು ನಗುವವರೂ ಇದ್ದಾರೆ.

ಮೂರನೆಯ ಮಳೆಗಾಲ ಕಳೆಯುತ್ತ ಬಂದಾಗ ಅದೇ ಕುಟುಂಬ ಬದಲಾಯಿತು. ತುಳು ತಿಂಗಳು ಆಟಿಯಲ್ಲಿ, ಅಂದರೆ ಜುಲೈ ಆಗಸ್ಟಿನ ಹೊತ್ತಿಗೆ, ಪಕ್ಕದ ಮನೆಯ ಅಕ್ಕ ಬಟ್ಟೆ ಒಣಗಿಸುವಾಗ ಕುತ್ತಿಗೆಗೆ ಒಂದು ಕಚ್ಚಿತು. ಅದನ್ನು ಯಾರೂ ದೊಡ್ಡದು ಮಾಡಲಿಲ್ಲ. ಆಮೇಲೆ ಪೇಪರಿನ ಹುಡುಗನಿಗೆ, ಆಮೇಲೆ ಮಾಷ್ಟ್ರಿಗೇ, ಅದೂ ಪೆಟ್ಟಿಗೆಯಿಂದ ಮೂವತ್ತಡಿ ದೂರದ ಬಾವಿಕಟ್ಟೆಯಲ್ಲಿ. ಮುಂದಿನ ತಿಂಗಳು ಸೋಣದಲ್ಲಿ ಅಷ್ಟಮಿಯ ಗೌಜಿ ಮುಗಿದು ಚೌತಿಯ ಮೊದಲು ಹಿತ್ತಿಲು ಚೊಕ್ಕ ಮಾಡಿಸುವ ಎಂದು ಹುಲ್ಲು ಕತ್ತರಿಸುವ ಮಿಷನ್ನಿನ ಹುಡುಗನನ್ನು ಕರೆಸಿದರು. ಮಿಷನ್ ಬೇಲಿಯ ಹತ್ತಿರ ಹೋದದ್ದೇ ತಡ, ನೊಣಗಳು ಗುಂಪಾಗಿ ಎದ್ದುವು. ಹುಡುಗ ಮಿಷನ್ ಬಿಸಾಡಿ ರಸ್ತೆಗೆ ಓಡಿದ. ಮುಖ, ಕೈ, ಬೆನ್ನು ಸೇರಿ ಇಪ್ಪತ್ತರ ಹತ್ತಿರ ಕೊಂಡಿಗಳಿದ್ದುವಂತೆ.

ಹುಡುಗನನ್ನು ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ಮಾಷ್ಟ್ರು ಮಾಡಿದ ಅತ್ಯಂತ ಸರಿಯಾದ ಕೆಲಸ. ಊತ, ಉರಿ, ಎರಡು ದಿನದ ತುರಿಕೆ ಬಿಟ್ಟರೆ ಅವನಿಗೆ ಬೇರೆ ತೊಂದರೆಯಾಗಲಿಲ್ಲ. ಆದರೆ ಅದು ಮೊದಲೇ ಗೊತ್ತಾಗುವ ವಿಷಯವಲ್ಲ. ಕೆಲವರಿಗೆ ಒಂದೇ ಕೊಂಡಿಗೆ ಮೈತುಂಬ ದದ್ದು ಏಳುತ್ತದೆ, ತುಟಿ ನಾಲಗೆ ದಪ್ಪವಾಗುತ್ತದೆ, ಉಸಿರು ಕಟ್ಟುತ್ತದೆ, ತಲೆ ತಿರುಗುತ್ತದೆ. ಅಂಥವರಿಗೆ ಬೇಕಾದದ್ದು ಅಡ್ರಿನಲಿನ್ ಚುಚ್ಚುಮದ್ದು. ಸುಣ್ಣ, ಅರಸಿನ ಹಚ್ಚುತ್ತ ಕೂರುವ ಸಮಯ ಅದಲ್ಲ. ಕೊಂಡಿಯನ್ನು ಉಗುರಲ್ಲಿ ಕೆರೆಯಬೇಕೋ ಚಿವುಟಿ ತೆಗೆಯಬೇಕೋ ಎಂಬ ಚರ್ಚೆಯೂ ಬೇಡ. ನೊಣ ಹೋದ ಮೇಲೂ ಕೊಂಡಿಯ ಬುಡದ ಚೀಲ ವಿಷ ತಳ್ಳುತ್ತಲೇ ಇರುತ್ತದೆ, ಹೇಗಾದರೂ ಸರಿ, ಬೇಗ ತೆಗೆದರಾಯಿತು.

ಜೇನು ಸಾಕುವ ನನಗೆ ಫೋನ್ ಬಂದದ್ದು ಅದೇ ಸಂಜೆ. ಅಷ್ಟರಲ್ಲಿ ಮಾಷ್ಟ್ರಿಗೆ ಸಲಹೆಗಳ ಮಳೆ ಸುರಿದಾಗಿತ್ತು. ರಾತ್ರಿ ಪೆಟ್ರೋಲ್ ಸುರಿದು ಬೆಂಕಿ ಕೊಡಿ ಎಂದು ಒಬ್ಬರು. ಪೆಟ್ಟಿಗೆ ತೆಗೆಯದಿದ್ದರೆ ದೂರು ಕೊಡುವುದೇ ಎಂದು ಪಕ್ಕದ ಮನೆಯವರು. "ಜೇನು ಬೇಕಾದ್ರೆ ಅಂಗಡಿಯಲ್ಲಿ ಸಿಗ್ತದಲ್ಲ ಮಾಷ್ಟ್ರೇ, ಈ ಉಪದ್ರ ಎಂತಕ್ಕೆ?" ಎಂದು ಅವರು ಕೇಳಿದ್ದು ನ್ಯಾಯವೇ. ಇದರ ಮೇಲೆ ಮಾಷ್ಟ್ರು ಮೊಬೈಲಿನಲ್ಲಿ ಹೊರದೇಶದ ವಿಡಿಯೋಗಳನ್ನು ನೋಡಿ ಇನ್ನಷ್ಟು ಹೆದರಿದ್ದರು.

"ಇದು ಆಫ್ರಿಕಾದ ಜಾತಿ ಬೆರಕೆ ಆಗಿರ್ಬಹುದಾ ಮಾರಾಯ್ರೇ? ರಾಣಿಯನ್ನು ಕೊಂದು ಬೇರೆ ಹಾಕಿ ಅಂತ ಅದರಲ್ಲಿ ಹೇಳ್ತಾರೆ."

ಆ ಭಯಕ್ಕೆ ಇಲ್ಲಿ ಆಧಾರವಿಲ್ಲ. ಆಫ್ರಿಕಾ ಬೆರಕೆಯ ಕತೆ ಬ್ರೆಜಿಲಿನದ್ದು. 1956ರಲ್ಲಿ ವಾರ್ವಿಕ್ ಕೆರ್ ಎಂಬ ವಿಜ್ಞಾನಿ ತಳಿ ಸುಧಾರಣೆಗೆಂದು ಆಫ್ರಿಕಾದ ರಾಣಿಗಳನ್ನು ಅಲ್ಲಿಗೆ ತರಿಸಿದರು. ಮರುವರ್ಷ 26 ರಾಣಿಗಳು ತಮ್ಮ ಹಿಂಡುಗಳ ಜೊತೆ ತಪ್ಪಿಸಿಕೊಂಡುವು, ಅವುಗಳ ಸಂತತಿ ಉತ್ತರಕ್ಕೆ ಹಬ್ಬುತ್ತ 1990ರಲ್ಲಿ ಅಮೆರಿಕದ ಟೆಕ್ಸಾಸ್ ಮುಟ್ಟಿತು. ಅವು ಮೆಲ್ಲಿಫೆರಾ, ಅಂದರೆ ಯುರೋಪು ಆಫ್ರಿಕಾ ಮೂಲದ ಜೇನಿನ ಜಾತಿಯವು. ನಮ್ಮ ತುಡುವೆ ಬೇರೆಯೇ ಜಾತಿ, ಎರಡಕ್ಕೂ ಬೆರಕೆ ಆಗುವುದಿಲ್ಲ.

ರಾಣಿಯನ್ನು ಕೊಲ್ಲುವ ಸಲಹೆ ಮಾತ್ರ ಬೆರಕೆಯ ಭಯಕ್ಕಿಂತ ಹೆಚ್ಚು ಅಪಾಯದ್ದು, ಏಕೆಂದರೆ ಅದರಲ್ಲಿ ಅರ್ಧ ಸತ್ಯ ಉಂಟು. ಕುಟುಂಬದ ಸ್ವಭಾವ ರಾಣಿಯಿಂದ ಮತ್ತು ಅವಳು ಕೂಡಿದ ಗಂಡು ನೊಣಗಳಿಂದ ಬರುವುದು ಹೌದು. ರಾಣಿ ಬದಲಾದರೆ ಹಳೆಯ ಕೆಲಸಗಾರ ನೊಣಗಳು ಸತ್ತು ಹೊಸಬರು ತುಂಬುವ ಒಂದೂವರೆ ಎರಡು ತಿಂಗಳಲ್ಲಿ ಸ್ವಭಾವವೂ ಬದಲಾಗುತ್ತದೆ. ಆದರೆ ಅಂಚೆಯಲ್ಲಿ ಗರ್ಭ ಕಟ್ಟಿದ ರಾಣಿ ತರಿಸಿಕೊಳ್ಳುವ ದೇಶದವರ ಉಪಾಯ ಅದು. ನಮ್ಮಲ್ಲಿ ತುಡುವೆ ರಾಣಿ ಹಾಗೆ ಸಿಗುವುದಿಲ್ಲ. ರಾಣಿ ಸತ್ತರೆ ಕುಟುಂಬವೇ ಹೊಸದನ್ನು ಬೆಳೆಸಬೇಕು, ಅದು ಹೊರಗೆ ಹಾರಿ ಗಂಡುಗಳ ಜೊತೆ ಕೂಡಿ ಬರಬೇಕು. ಮಳೆಗಾಲದ ಬರಗಾಲದಲ್ಲಿ ಕುಟುಂಬಗಳು ಗಂಡು ನೊಣಗಳನ್ನು ಹೊರಗೆ ಹಾಕಿರುತ್ತವೆ. ಕೂಡದ ರಾಣಿಯ ಮೊಟ್ಟೆಯಿಂದ ಗಂಡು ಮಾತ್ರ ಹುಟ್ಟುತ್ತದೆ, ಅಲ್ಲಿಗೆ ಕುಟುಂಬ ಮುಗಿಯಿತು. ಸೋಣದಲ್ಲಿ ರಾಣಿಯನ್ನು ಚಿವುಟುವುದೂ ಪೆಟ್ರೋಲ್ ಸುರಿಯುವುದೂ ಕೊನೆಗೆ ಒಂದೇ.

ಹಾಗಾಗಿ ಮಾಷ್ಟ್ರಿಗೆ ನಾನು ಹೇಳಿದ್ದು ಇಷ್ಟೆ. ರಾಣಿಯ ವಿಚಾರಣೆ ನವೆಂಬರಿಗೆ ಇಟ್ಟುಕೊಳ್ಳುವ. ಈಗ ಪೆಟ್ಟಿಗೆಗೆ ಹೊರಗಿನಿಂದ ಏನಾಗುತ್ತಿದೆ ನೋಡುವ.

ಹೊರಗೆ ಕೂತು ಕಂಡದ್ದು

ಸಿಟ್ಟಾದ ಪೆಟ್ಟಿಗೆಯನ್ನು ಹೋದ ಕೂಡಲೇ ತೆರೆಯಬಾರದು. ದೂರದಲ್ಲಿ ಒಂದು ಬದಿಗೆ, ಹಾರುವ ದಾರಿಗೆ ಅಡ್ಡ ಬಾರದ ಹಾಗೆ ಕೂತು ಬಾಗಿಲು ನೋಡಬೇಕು. ಒಳಗೆ ಹೋಗುವ ನೊಣಗಳ ಕಾಲಲ್ಲಿ ಪರಾಗ ಇದೆಯೇ? ಇದ್ದರೆ ಒಳಗೆ ಮರಿ ಸಾಕುತ್ತಿದ್ದಾರೆ, ರಾಣಿ ಇರುವ ಸಂಭವ ಹೆಚ್ಚು. ಬಾಗಿಲಲ್ಲಿ ನೊಣ ನೊಣ ಕಚ್ಚಾಡಿ ಉರುಳುತ್ತಿವೆಯೇ? ಹಾಗಿದ್ದರೆ ಬೇರೆ ಕುಟುಂಬ ಕದಿಯಲು ಬಂದಿದೆ. ಇಲ್ಲಿ ಕಚ್ಚಾಟ ಇರಲಿಲ್ಲ. ಪರಾಗ ಸ್ವಲ್ಪ ಬರುತ್ತಿತ್ತು, ನಾಚಿಕೆಮುಳ್ಳಿನದ್ದಿರಬೇಕು.

ಕಂಡದ್ದು ಕಣಜ. ಹೊಟ್ಟೆಯ ಮೇಲೆ ಅಗಲ ಹಳದಿ ಪಟ್ಟಿ ಇರುವ ದೊಡ್ಡ ಜಾತಿಯದ್ದು. ಬಾಗಿಲ ಎದುರು ಒಂದಡಿ ದೂರದಲ್ಲಿ ಗಾಳಿಯಲ್ಲೇ ನಿಂತು ಕಾಯುತ್ತಿತ್ತು. ಅದು ಹತ್ತಿರ ಬಂದಾಗಲೆಲ್ಲ ಹಲಗೆಯ ಮೇಲಿನ ನೊಣಗಳು ಒಟ್ಟಿಗೆ ಬೆನ್ನು ಕುಲುಕಿ ಅಲೆ ಎಬ್ಬಿಸುತ್ತಿದ್ದುವು. ಮೇವಿನಿಂದ ಭಾರವಾಗಿ ಬಂದ ಒಂದು ನೊಣವನ್ನು ಅದು ಗಾಳಿಯಲ್ಲೇ ಹಿಡಿದು ದಾಸವಾಳದ ಎಲೆಗೆ ಹೋಗಿ ಕೂತಿತು. ಮೊದಲು ತಲೆ ಕತ್ತರಿಸಿ ಬೀಳಿಸಿತು, ಆಮೇಲೆ ರೆಕ್ಕೆ, ಆಮೇಲೆ ಹೊಟ್ಟೆ. ಉಳಿದ ಎದೆಯ ಭಾಗವನ್ನು ಅಗಿದು ಉಂಡೆ ಮಾಡಿ ತೆಗೆದುಕೊಂಡು ಹೋಯಿತು. ಸ್ವಲ್ಪ ಹೊತ್ತಿಗೆ ಪುನಃ ಹಾಜರು. ಕಣಜ ಬಾಗಿಲಿಗೇ ಬಂದರೆ ತುಡುವೆ ಅದನ್ನು ಗುಂಪಾಗಿ ಮುತ್ತಿ, ಮೈ ಅದುರಿಸಿ, ಉಂಡೆಯ ಒಳಗಿನ ಬಿಸಿಯನ್ನು 46 ಡಿಗ್ರಿ ಸೆಲ್ಸಿಯಸಿನ ಆಸುಪಾಸಿಗೆ ಏರಿಸಿ ಬೇಯಿಸಿ ಕೊಲ್ಲುತ್ತದೆ. ದೂರದಲ್ಲಿ ತೇಲುವ ಕಣಜಕ್ಕೆ ಆ ಮದ್ದು ನಾಟುವುದಿಲ್ಲ.

ಮಳೆಗಾಲದ ಕೊನೆಗೆ ಕಣಜ ಬರುವುದು ಪ್ರತಿ ವರ್ಷದ ಕತೆ. ಅದರಿಂದಲೇ ಇಷ್ಟು ಸಿಟ್ಟು ಬಂದದ್ದು ಎಂದು ನನಗೆ ಅನಿಸಲಿಲ್ಲ. ಆಗ ಗಮನಕ್ಕೆ ಬಂದದ್ದು ಪೆಟ್ಟಿಗೆ ಕೂತ ಜಾಗ. ಮೊದಲು ಅದು ಕಬ್ಬಿಣದ ಸ್ಟ್ಯಾಂಡಿನ ಮೇಲಿತ್ತು. ಜೂನಿನಲ್ಲಿ ಸ್ಟ್ಯಾಂಡಿನ ಕಾಲು ತುಕ್ಕು ಹಿಡಿದು ಮುರಿದ ಕಾರಣ, ಮಳೆ ಬಿಡಲಿ ಎಂದು ಮಾಷ್ಟ್ರು ಎರಡು ಕೆಂಪುಕಲ್ಲು ಅಡ್ಡ ಹಾಕಿ ಅದರ ಮೇಲೆ ಇಟ್ಟಿದ್ದರು. ನೆಲದಿಂದ ಮುಕ್ಕಾಲು ಅಡಿ. ಬಾಗಿಲ ಹಲಗೆಯ ಕೆಳಗೆ, ಕಲ್ಲಿನ ಬುಡದಲ್ಲಿ, ಕಿರುಬೆರಳಿನ ತುದಿಯಷ್ಟು ಉದ್ದದ ಕಪ್ಪು ಹಿಕ್ಕೆಗಳು ಬಿದ್ದಿದ್ದುವು.

"ಅದು ಹೆಗ್ಗಣದ್ದು. ದಿನಾ ಗುಡಿಸ್ತೇನೆ," ಎಂದರು ಮಾಷ್ಟ್ರು.

ಒಂದನ್ನು ಕಡ್ಡಿಯಿಂದ ಎತ್ತಿ ಬಾಳೆಲೆಯ ಮೇಲಿಟ್ಟು ಬಿಡಿಸಿದೆವು. ಒಳಗೆ ಇದ್ದದ್ದು ಪೂರಾ ಜೇನುನೊಣ. ಹೊಳೆಯುವ ಕಪ್ಪು ತಲೆಗಳು, ಮುರಿದ ಕಾಲುಗಳು, ಮಡಿಚಿದ ರೆಕ್ಕೆಯ ಚೂರುಗಳು. ಹೆಗ್ಗಣ ಹೀಗೆ ನೊಣವೇ ಊಟ ಮಾಡುವುದಿಲ್ಲ. ಇದು ಕಪ್ಪೆಯ ಕೆಲಸ.

ಪೆಟ್ಟಿಗೆಯ ಒಳಗೆ

ಮರುದಿನ ಬಿಸಿಲು ಬಂತು. ಹನ್ನೊಂದು ಗಂಟೆಗೆ, ಮೇವಿನ ನೊಣಗಳು ಹೊರಗೆ ಹೋದ ಹೊತ್ತು ನೋಡಿ ತೆರೆಯುವ ತಯಾರಿ ಮಾಡಿದೆವು. ಪಕ್ಕದ ಮನೆಯವರಿಗೆ ಮೊದಲೇ ಹೇಳಿ ಕಿಟಕಿ ಹಾಕಿಸಿದೆವು. ಬಿಳಿ ಅಂಗಿ, ಮುಖಪರದೆ, ಕಾಲುಚೀಲದ ಒಳಗೆ ಪ್ಯಾಂಟಿನ ತುದಿ. ಹೊಗೆತಿದಿಗೆ ಒಣ ಅಡಿಕೆ ಸಿಪ್ಪೆ. ಹೊಗೆ ತಣ್ಣಗಿರಬೇಕು, ಅಂಗೈಗೆ ಬಿಟ್ಟು ನೋಡಿದರೆ ಬಿಸಿ ತಾಗಬಾರದು. ಬಾಗಿಲಿಗೆ ಎರಡು ಸಲ ಮೆಲ್ಲ ಊದಿ ಒಂದೆರಡು ನಿಮಿಷ ಸುಮ್ಮನೆ ನಿಂತೆವು. ಹೊಸಬರು ಹೆಚ್ಚಾಗಿ ಈ ನಿಲ್ಲುವುದನ್ನು ಬಿಟ್ಟುಬಿಡುತ್ತಾರೆ.

ಹೊಗೆಯ ಕೆಲಸ ಎರಡು. ಒಂದು, ನೊಣಗಳು ಎರಿಗೆ ಹೋಗಿ ಜೇನು ಹೀರತೊಡಗುತ್ತವೆ. ಎರಡು, ಎಚ್ಚರಿಕೆಯ ವಾಸನೆ ಮರೆಯಾಗುತ್ತದೆ. ಕೊಂಡಿ ಚುಚ್ಚಿದಾಗ ಹೊಮ್ಮುವ ಆ ವಾಸನೆಯಲ್ಲಿ ಮುಖ್ಯವಾದದ್ದು ಐಸೋಪೆಂಟೈಲ್ ಅಸಿಟೇಟ್, ಕಳಿತ ಬಾಳೆಹಣ್ಣಿನ ವಾಸನೆಯದ್ದು. ಒಂದು ಕಚ್ಚಿದ ಜಾಗಕ್ಕೇ ಇನ್ನೊಂದು ಬಂದು ಕಚ್ಚುವುದು ಇದರಿಂದ. ಕಚ್ಚಿಸಿಕೊಂಡರೆ ಆ ಜಾಗಕ್ಕೆ ಹೊಗೆ ಬಿಡಬೇಕು, ಆಮೇಲೆ ಸೋಪು ಹಾಕಿ ತೊಳೆಯಬೇಕು. ಬಾಳೆಹಣ್ಣು ತಿಂದ ಕೈಯಲ್ಲಿ ಪೆಟ್ಟಿಗೆ ಮುಟ್ಟಬೇಡಿ ಎಂದು ಹಳಬರು ಹೇಳುವುದರಲ್ಲೂ ಅರ್ಥ ಉಂಟು.

ತುಡುವೆಯಲ್ಲಿ ಇನ್ನೊಂದು ಕಷ್ಟ ಇದೆ, ಮೆಲ್ಲಿಫೆರಾ ಸಾಕುವವರಿಗೆ ಅಷ್ಟಾಗಿ ಇಲ್ಲದ್ದು. ಹೆಚ್ಚು ಹೊಗೆ ಹಾಕಿ, ಹೆಚ್ಚು ಸಲ ತೆರೆದು ಕಾಟ ಕೊಟ್ಟರೆ ಅದು ಕಚ್ಚುವುದನ್ನೂ ಬಿಟ್ಟು ಪೆಟ್ಟಿಗೆಯನ್ನೇ ಖಾಲಿ ಮಾಡಿ ಹೋಗುತ್ತದೆ. ಸಿಟ್ಟಾದ ತುಡುವೆಯನ್ನು ಬೆದರಿಸಿ ಹತೋಟಿಗೆ ತರುವ ದಾರಿಯೇ ಇಲ್ಲ. ಹತ್ತು ನಿಮಿಷದ ಒಳಗೆ ನೋಡಿ ಮುಚ್ಚಬೇಕು.

ಮುಚ್ಚಳ ಸಡಿಲಿಸುವಾಗಲೇ ಒಳಗಿನಿಂದ 'ಸ್ಸ್' ಎಂದು ಒಟ್ಟಾಗಿ ಬುಸುಗುಟ್ಟಿದುವು. ಪರದೆಗೆ ಬಂದು ಬಡಿದವು ತುಂಬ ಇದ್ದುವು. ಏಳು ಎರಿಗಳಲ್ಲಿ ನಾಲ್ಕರ ಮೇಲೆ ಮಾತ್ರ ನೊಣ. ಬದಿಯ ಎರಡು ಹಳೆಯ ಕಪ್ಪು ಎರಿಗಳಲ್ಲಿ ಮೇಣದ ಹುಳದ ಬಲೆ. ನಡುವಿನ ಎರಿಯನ್ನು ಬಿಸಿಲಿಗೆ ಓರೆ ಹಿಡಿದಾಗ ಕೋಶದ ಅಡಿಯಲ್ಲಿ ಒಂದೊಂದೇ ಮೊಟ್ಟೆ, ನೆಟ್ಟಗೆ ನಿಂತದ್ದು. ಅಲ್ಲಿಗೆ ಒಂದು ಸಂಶಯ ಹೋಯಿತು. ರಾಣಿ ಇಲ್ಲದ ತುಡುವೆ ಕುಟುಂಬದಲ್ಲಿ ಕೆಲಸಗಾರ ನೊಣಗಳೇ ಬಹಳ ಬೇಗ ಮೊಟ್ಟೆ ಇಡತೊಡಗುತ್ತವೆ. ಆಗ ಒಂದೇ ಕೋಶದಲ್ಲಿ ಎರಡು ಮೂರು ಮೊಟ್ಟೆ ಅಡ್ಡಾದಿಡ್ಡಿ ಕಾಣುತ್ತದೆ, ಕುಟುಂಬವೂ ಮುಂಗೋಪಿಯಾಗುತ್ತದೆ. ಇಲ್ಲಿ ಹಾಗಿರಲಿಲ್ಲ. 1990ರ ದಶಕದ ಆರಂಭದಲ್ಲಿ ದಕ್ಷಿಣ ಭಾರತದ ತುಡುವೆಯನ್ನು ಬಹುಪಾಲು ಗುಡಿಸಿಹಾಕಿದ ಥಾಯ್ ಸ್ಯಾಕ್‌ಬ್ರೂಡ್ ರೋಗದ ಲಕ್ಷಣವೂ, ಅಂದರೆ ಚೀಲದ ಹಾಗೆ ನೀರು ತುಂಬಿ ತಲೆ ಮೇಲೆತ್ತಿ ಸತ್ತ ಮರಿಗಳು, ಕಾಣಲಿಲ್ಲ.

ಇಲ್ಲದೇ ಇದ್ದದ್ದು ಜೇನು. ಸಂಸಾರ ಕೋಣೆಯ ಎರಿಗಳಲ್ಲಿ ಮರಿಗಳ ಮೇಲ್ಗಡೆ ಕಮಾನಿನಂತೆ ಇರಬೇಕಾದ ಜೇನಿನ ಪಟ್ಟಿ ಎಲ್ಲೂ ಇಲ್ಲ, ಬರೇ ಒಣ ಕೋಶ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಹತ್ತಿರ ಮಳೆ ಬೀಳುವ ಊರಿನಲ್ಲಿ ಜೂನಿನಿಂದ ಆಗಸ್ಟಿನವರೆಗೆ ನೊಣ ಹೊರಗೆ ಹೋಗಿ ದುಡಿಯುವ ದಿನಗಳು ಕಡಿಮೆ, ಹೋದರೂ ಮಕರಂದ ಇಲ್ಲ. ಸಕ್ಕರೆ ಪಾಕ ಕೊಡಲೇಬೇಕು. ಮಾಷ್ಟ್ರು ಜುಲೈವರೆಗೆ ಕೊಟ್ಟಿದ್ದರು, ಮೊಣಕಾಲು ನೋವು ಜೋರಾದ ಮೇಲೆ ಆ ಕೆಲಸ ಮನೆಗೆ ಬರುವ ಹುಡುಗನ ಪಾಲಾಯಿತು. ಅವನು ಕಚ್ಚುತ್ತದೆಂದು ಪಾಕದ ಬಟ್ಟಲನ್ನು ಪೆಟ್ಟಿಗೆಯ ಹೊರಗೆ ಕಲ್ಲಿನ ಮೇಲೆ ಇಟ್ಟು ಬರುತ್ತಿದ್ದ. ಇರುವೆಗೆ ಹಬ್ಬ. ಪಾಕದ ಸುತ್ತ ಸೇರುವ ಹುಳಗಳನ್ನು ಹಿಡಿಯಲು ಕಪ್ಪೆಗೂ ಹಬ್ಬ.

ರಾತ್ರಿ ಎಂಟರ ಮೇಲೆ

ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಸುತ್ತಿದೆವು. ಜೇನಿಗೆ ಕೆಂಪು ಬಣ್ಣ ಕಾಣುವುದಿಲ್ಲ, ಬಿಳಿ ಬೆಳಕಾದರೆ ನೇರ ಅದಕ್ಕೇ ಬರುತ್ತವೆ. ಮಳೆ ನಿಂತು ಸೆಕೆ ಇತ್ತು. ಬಾಗಿಲಲ್ಲಿ ಗಾಳಿ ಬೀಸುವ ನೊಣಗಳು ಸಾಲಾಗಿ ನಿಂತಿದ್ದುವು. ಕೆಳಗೆ, ಕೆಂಪುಕಲ್ಲಿಗೆ ಒರಗಿ, ಮೂರು ನೆಲಗಪ್ಪೆಗಳು. ಬೆನ್ನ ತುಂಬ ಗಂಟಿರುವ, ನಮ್ಮ ಮನೆಗಳ ಜಗಲಿಯಲ್ಲಿ ದೀಪದ ಕೆಳಗೆ ಕೂರುವ ಅದೇ ಕಪ್ಪೆ. ಒಂದು ಹಿಂಗಾಲ ಮೇಲೆ ಎದ್ದು ನಿಂತು ಮುಂಗಾಲನ್ನು ಹಲಗೆಯ ಅಂಚಿಗೆ ಊರಿತ್ತು. ಕುತ್ತಿಗೆ ಸ್ವಲ್ಪ ಮುಂದೆ ಬಾಗಿದ್ದು ಕಂಡಿತು, ನಾಲಗೆ ಹೊರಗೆ ಬಂದದ್ದು ಕಾಣಲಿಲ್ಲ. ಸಾಲಿನಲ್ಲಿ ಒಂದು ನೊಣ ಕಡಿಮೆಯಾಗಿತ್ತು. ಕಪ್ಪೆ ಎರಡೂ ಕಣ್ಣು ಒಳಗೆಳೆದು ನುಂಗಿತು. ಕೊಂಡಿ ತಾಗಿದ್ದೇ ಇರಬೇಕು, ಮುಂಗಾಲಿನಿಂದ ಬಾಯಿ ಒರೆಸಿಕೊಂಡು ಪುನಃ ಮೊದಲಿನ ಹಾಗೇ ನಿಂತಿತು.

ಮಾಷ್ಟ್ರು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, "ಇದು ಮೂರು ತಿಂಗಳಿಂದ ನಡೀತಾ ಉಂಟು," ಎಂದರು.

ಉತ್ತರ ಅಮೆರಿಕದಲ್ಲಿ ಸ್ಕಂಕ್ ಎಂಬ ಪ್ರಾಣಿ ರಾತ್ರಿ ಪೆಟ್ಟಿಗೆ ಕೆರೆದು ನೊಣ ತಿನ್ನುತ್ತದೆ, ಅಂಥ ಪೆಟ್ಟಿಗೆ ಹಗಲಲ್ಲಿ ಕಂಡವರ ಮೇಲೆ ಏರಿ ಹೋಗುತ್ತದೆ ಎಂಬುದು ಅಲ್ಲಿಯ ಸಾಕಣೆಗಾರರಿಗೆ ಚೆನ್ನಾಗಿ ಗೊತ್ತು. ನಮ್ಮಲ್ಲಿ ಆ ಪಾತ್ರ ಕಪ್ಪೆಯದ್ದು. ರಾತ್ರಿಯಿಡೀ ಹೊಸ್ತಿಲಲ್ಲಿ ಕಳ್ಳ ಕೂತ ಮನೆಯವರು ಬೆಳಿಗ್ಗೆ ಹಾಲಿನವನಿಗೂ ಕತ್ತಿ ಎತ್ತುವುದಿಲ್ಲವೇ? ಹಗಲು ಕಣಜ, ರಾತ್ರಿ ಕಪ್ಪೆ, ಹೊಟ್ಟೆಗೆ ಇಲ್ಲ, ಕಾಲಡಿಯಲ್ಲಿ ಇರುವೆ. ಇದರ ಮೇಲೆ ಬೇಲಿ ಬುಡದಲ್ಲಿ ಪೆಟ್ರೋಲ್ ಮಿಷನ್ನಿನ ಅದುರು ಮತ್ತು ಹೊಗೆ. ಯಾವುದಾದರೂ ಒಂದೇ ಇದ್ದಿದ್ದರೆ ಆ ಕುಟುಂಬ ತಡೆದುಕೊಳ್ಳುತ್ತಿತ್ತೇನೋ.

ಮಾಡಿದ ಕೆಲಸ

ಮೊದಲು ಸ್ಟ್ಯಾಂಡ್. ಪರ್ಕಳದಲ್ಲೇ ವೆಲ್ಡಿಂಗ್ ಮಾಡಿಸಿ ಎರಡೂವರೆ ಅಡಿ ಎತ್ತರದ್ದು ತಂದು, ನಾಲ್ಕು ಕಾಲಿಗೂ ನೀರಿನ ಬಟ್ಟಲು ಕೊಟ್ಟೆವು, ನೀರಿಗೆ ಒಂದು ಹನಿ ಹಳೆ ಇಂಜಿನ್ ಆಯಿಲ್. ಜಾಗ ಬದಲಿಸಲಿಲ್ಲ. ಪೆಟ್ಟಿಗೆಯನ್ನು ಹತ್ತಡಿ ಸರಿಸಿದರೆ ಮೇವಿಗೆ ಹೋದ ನೊಣಗಳು ಹಳೆ ಜಾಗಕ್ಕೇ ಬಂದು ಸುತ್ತುತ್ತವೆ, ಅದು ಇನ್ನೊಂದು ಉಪದ್ರ. ಇದ್ದಲ್ಲೇ ಎತ್ತರಿಸಿದರೆ ತೊಂದರೆಯಿಲ್ಲ. ಕಪ್ಪೆಗಳನ್ನು ಯಾರೂ ಮುಟ್ಟಲಿಲ್ಲ. ತೋಟದಲ್ಲಿ ಅವು ಮಾಡುವ ಉಪಕಾರ ದೊಡ್ಡದು, ಎರಡೂವರೆ ಅಡಿ ಹಾರುವ ತಾಕತ್ತು ಅವಕ್ಕಿಲ್ಲ.

ಮೇಣದ ಹುಳ ಹಿಡಿದ ಎರಿ ತೆಗೆದು, ನೊಣ ಇರುವ ಎರಿಗಳನ್ನು ಒತ್ತಾಗಿ ಸೇರಿಸಿ, ಬಾಗಿಲನ್ನು ಎರಡು ಬೆರಳಗಲಕ್ಕೆ ಕಿರಿದು ಮಾಡಿದೆವು. ಪಾಕವನ್ನು ಸಕ್ಕರೆ ನೀರು ಸಮಪ್ರಮಾಣದಲ್ಲಿ ಕಾಯಿಸಿ ತಣಿಸಿ, ಸಂಜೆ ಕತ್ತಲಾಗುವಾಗ, ಪೆಟ್ಟಿಗೆಯ ಒಳಗೇ ಇಡುವುದು. ವಾರಕ್ಕೆ 200 ಗ್ರಾಂ ಸಕ್ಕರೆಯ ಲೆಕ್ಕ. ಮುಳುಗದ ಹಾಗೆ ಬಟ್ಟಲಿಗೆ ತೆಂಗಿನ ನಾರು. ಹೊರಗೆ ಒಂದು ಹನಿ ಚೆಲ್ಲಿದರೂ ನೀರು ಹಾಕಿ ತೊಳೆಯುವುದು. ಕಣಜಕ್ಕೆ ಮಾಷ್ಟ್ರ ಮೊಮ್ಮಗಳ ಹಳೆ ಬ್ಯಾಡ್ಮಿಂಟನ್ ಬ್ಯಾಟು. ಬೆಳಿಗ್ಗೆ ಕಾಫಿ ಕುಡಿದು ಅರ್ಧ ಗಂಟೆ ಬದಿಯಲ್ಲಿ ನಿಂತು ಹೊಡೆಯುವುದು ಅವರಿಗೆ ಅಭ್ಯಾಸವೇ ಆಯಿತು. ಗೂಡು ಹುಡುಕಿ ಸುಡಲು ಹೋಗುವವರಿದ್ದಾರೆ. ಅದು ಅಪಾಯದ ಕೆಲಸ, ಹವ್ಯಾಸದವರದ್ದಲ್ಲ.

ಪಕ್ಕದ ಮನೆಯ ವಿಷಯಕ್ಕೆ ನಾನು ಹೆಚ್ಚು ತೂಕ ಕೊಡುತ್ತೇನೆ. ಬೇಲಿಯ ಉದ್ದಕ್ಕೆ ಆರಡಿ ಎತ್ತರದ ಹಸಿರು ನೆಟ್ ಕಟ್ಟಿಸಿದೆವು. ಹೊರಟ ನೊಣ ನೆಟ್ ದಾಟಲು ಮೇಲೇರುತ್ತದೆ, ಆಚೆ ಬದಿಯಲ್ಲಿ ಜನರ ತಲೆಯ ಮೇಲಿನಿಂದಲೇ ಹೋಗುತ್ತದೆ. ಬಾಗಿಲನ್ನು ದಿನಕ್ಕೆ ನಾಲ್ಕು ಬೆರಳಿನಷ್ಟು ತಿರುಗಿಸುತ್ತ ತೆಂಗಿನ ಬದಿಗೆ ಮುಖ ಮಾಡಿಸಿದೆವು. ಮಾಷ್ಟ್ರು ಸ್ವತಃ ಹೋಗಿ, ದಸರಾದೊಳಗೆ ಸರಿಯಾಗದಿದ್ದರೆ ಪೆಟ್ಟಿಗೆ ಇಲ್ಲಿಂದ ಸಾಗಿಸುತ್ತೇನೆ ಎಂದು ಮಾತು ಕೊಟ್ಟರು. ಹುಲ್ಲಿನ ಹುಡುಗನಿಗೆ ಆಸ್ಪತ್ರೆ ಖರ್ಚಲ್ಲದೆ ಕೆಲಸ ತಪ್ಪಿದ ದಿನಗಳ ಕೂಲಿಯನ್ನೂ ಕೊಟ್ಟರು. ಜೇನು ಕಾಡಿನ ಜೀವ, ನಾನೇನು ಮಾಡಲಿ ಎಂದು ಕೈ ತೊಳೆದುಕೊಳ್ಳುವ ಸಾಕಣೆಗಾರರನ್ನು ನಾನು ನೋಡಿದ್ದೇನೆ. ಪೆಟ್ಟಿಗೆಯಲ್ಲಿ ತಂದು ಇಟ್ಟ ಮೇಲೆ ಅದು ಕಾಡಿನದ್ದಲ್ಲ, ನಿಮ್ಮದು. ಈಗ ಪೆಟ್ಟಿಗೆಯ ಸುತ್ತ ಹತ್ತಡಿಗೆ ಕತ್ತಿಯಿಂದಲೇ ಹುಲ್ಲು ಕೊಯ್ಯುವುದು, ಅದೂ ಬೆಳಗ್ಗೆ ಬೇಗ. ಅದರಾಚೆ ಮಿಷನ್ ಬೇಕೇ ಆದರೆ ಆ ಹೊತ್ತು ಬಾಗಿಲಿಗೆ ಜಾಲರಿ.

ಸಿಟ್ಟು ಅಳೆದದ್ದು

'ಈಗ ಪರವಾಗಿಲ್ಲ' ಎಂಬ ಮಾತನ್ನು ನಂಬಿ ತೀರ್ಮಾನ ಮಾಡಬಾರದು. ಕೋಲಿನ ತುದಿಗೆ ಕಪ್ಪು ಉಣ್ಣೆಯ ಕಾಲುಚೀಲ ಕಟ್ಟಿ, ಬಾಗಿಲ ಎದುರು ಒಂದು ನಿಮಿಷ ಆಡಿಸಿ, ಅದರಲ್ಲಿ ಉಳಿದ ಕೊಂಡಿ ಎಣಿಸುವುದು ಹಳೆಯ ಕ್ರಮ. ಪ್ರತಿ ಸಲ ಹೊಸ ಅಥವಾ ಚೆನ್ನಾಗಿ ಒಗೆದ ಚೀಲ ಬೇಕು, ಅಕ್ಕಪಕ್ಕದಲ್ಲಿ ಯಾರೂ ಇರಬಾರದು, ಪದೇಪದೇ ಮಾಡಬಾರದು. ಈ ಪರೀಕ್ಷೆಯೇ ಪೆಟ್ಟಿಗೆಯನ್ನು ಕೆರಳಿಸುತ್ತದೆ.

ಕೆಲಸ ಶುರು ಮಾಡುವ ಮೊದಲು 14 ಕೊಂಡಿ. ಸೆಪ್ಟೆಂಬರಿನ ಕೊನೆಗೆ 6. ಅಷ್ಟರಲ್ಲಿ ಪಕ್ಕದ ಮನೆಯ ಅಕ್ಕ ಹಳೆ ಹಗ್ಗದಲ್ಲೇ ಬಟ್ಟೆ ಹಾಕುತ್ತಿದ್ದರು, ಬಾವಿಕಟ್ಟೆಯವರೆಗೆ ಅಟ್ಟಿಸಿಕೊಂಡು ಬರುವುದು ನಿಂತಿತ್ತು. ದಸರಾ ಗಡುವು ದಾಟಿತು. ನವೆಂಬರಿನಲ್ಲಿ ಎರಿಗಳು ತುಂಬಿ, ಜೇನಿನ ಪಟ್ಟಿ ಬಂದು, ಗಂಡು ನೊಣಗಳು ಕಾಣಿಸಿಕೊಂಡ ಮೇಲೆ ಪುನಃ ನೋಡಿದಾಗ 5. ನನ್ನ ಮನೆಯ ಸಾಧು ಪೆಟ್ಟಿಗೆಗಳಲ್ಲಿ ಅದೇ ನಿಮಿಷಕ್ಕೆ ಒಂದು ಅಥವಾ ಏನೂ ಇಲ್ಲ.

ಇದನ್ನು ನಾನು ಹೀಗೆ ಓದುತ್ತೇನೆ: 14ರಿಂದ ಇಳಿದದ್ದು ಹೊರಗಿನ ಉಪದ್ರದ ಪಾಲು, ಉಳಿದ 5 ರಾಣಿಯ ಪಾಲು. ಮೊದಲ ಎರಡು ವರ್ಷ ಇದ್ದದ್ದು ಬೇರೆ ರಾಣಿ ಇರಬೇಕು. ಹಿಂದಿನ ಚಳಿಗಾಲದಲ್ಲಿ ಪಾಲು ಹೋದದ್ದು, ಅಂದರೆ ಕುಟುಂಬ ಒಡೆದು ಒಂದು ಹಿಂಡು ಹಾರಿಹೋದದ್ದು, ಮಾಷ್ಟ್ರಿಗೆ ನೆನಪಿತ್ತು. ಹಳೆ ರಾಣಿ ಹಿಂಡಿನ ಜೊತೆ ಹೋಗಿ, ಮಗಳು ಎಲ್ಲಿಯದೋ ಗಂಡುಗಳ ಜೊತೆ ಕೂಡಿ ಬಂದಿದ್ದಾಳೆ. ಸೋಣದಲ್ಲೇ ರಾಣಿಯ ಮೇಲೆ ತಪ್ಪು ಹೊರಿಸಿದ್ದರೆ ಕಪ್ಪೆ ಕಾಣುತ್ತಲೇ ಇರಲಿಲ್ಲ. ಕಪ್ಪೆಯನ್ನು ಕಂಡು ಅಷ್ಟಕ್ಕೇ ಕೈಬಿಟ್ಟಿದ್ದರೆ ಬೇಲಿಯಿಂದ ಹತ್ತಡಿಯಲ್ಲಿ ಮಕ್ಕಳಾಡುವ ಜಾಗದಲ್ಲಿ ಈ 5ನ್ನು ಉಳಿಸಿಕೊಂಡ ಹಾಗಾಗುತ್ತಿತ್ತು.

ಈಗ ರಾಣಿ ಬದಲಿಸುವ ಕಾಲ. ಆದರೂ ಕೊಲ್ಲುವುದು ಬೇಡ ಎಂದಾಯಿತು. ಹೆಬ್ರಿ ಕಡೆ ಅಡಿಕೆ ತೋಟ ಇರುವ ಸ್ನೇಹಿತರೊಬ್ಬರ ಸಾಧು ಪೆಟ್ಟಿಗೆಯೊಂದು ಪಾಲಾಗುವ ತಯಾರಿಯಲ್ಲಿತ್ತು, ಎರಿಯ ಅಂಚಿನಲ್ಲಿ ರಾಣಿ ಕೋಶಗಳು ಇಳಿದಿದ್ದುವು. ಸಾಮಾನ್ಯವಾಗಿ ಪಾಲು ಮಾಡಿ ಕೊಡುವವರು ಹಳೆ ರಾಣಿಯನ್ನು ತಾವು ಇಟ್ಟುಕೊಂಡು ಕೋಶ ಇರುವ ಭಾಗವನ್ನು ಕೊಡುತ್ತಾರೆ. ಇಲ್ಲಿ ತಿರುಗಿಸಿ ಮಾಡಿದೆವು. ಕೋಶದಿಂದ ಹೊರಬರುವ ರಾಣಿ ಯಾವ ಗಂಡುಗಳ ಜೊತೆ ಕೂಡುತ್ತಾಳೆ, ಮಕ್ಕಳ ಸ್ವಭಾವ ಹೇಗೆ ಎಂಬುದು ಅದೃಷ್ಟ. ಹಳೆ ರಾಣಿಯ ಸ್ವಭಾವ ಕಣ್ಣೆದುರು ಇದೆ. ಮನೆಗಳ ನಡುವಿನ ಜಾಗಕ್ಕೆ ಅದೃಷ್ಟ ಕಳಿಸಬಾರದು. ಹಾಗಾಗಿ ಹಳೆ ರಾಣಿ, ಮರಿ ಇರುವ ಎರಿಗಳು, ಅವುಗಳ ಮೇಲಿನ ನೊಣ ಪರ್ಕಳಕ್ಕೆ ಬಂದುವು. ಕೋಶ ಇರುವ ಭಾಗ ತೋಟದಲ್ಲೇ ಉಳಿಯಿತು. ಮಾಷ್ಟ್ರ ಸಿಟ್ಟಿನ ಪೆಟ್ಟಿಗೆಯ ಬಾಗಿಲಿಗೆ ಕತ್ತಲಾದ ಮೇಲೆ ಜಾಲರಿ ಬಡಿದು, ಎರಿ ಅಲುಗದ ಹಾಗೆ ಹಗ್ಗ ಬಿಗಿದು, ರಿಕ್ಷಾದಲ್ಲಿ ಹೆಬ್ರಿಗೆ ಸಾಗಿಸಿದೆವು. ತುಡುವೆಯ ಮೇವಿನ ಸುತ್ತು ಒಂದೆರಡು ಕಿಲೋಮೀಟರಿನ ಒಳಗೆ, ಅಷ್ಟು ದೂರದಿಂದ ವಾಪಸು ಹಾರಿ ಬರುವ ಪ್ರಶ್ನೆಯೇ ಇಲ್ಲ.

ತೋಟದ ಮೂಲೆಯಲ್ಲಿ, ಜನ ನಡೆಯುವ ದಾರಿಯಿಂದ ದೂರ, ಎತ್ತರದ ಸ್ಟ್ಯಾಂಡಿನ ಮೇಲೆ ಅದು ಈಗಲೂ ಇದೆ. ಫೆಬ್ರವರಿಯಲ್ಲಿ ರಬ್ಬರ್ ಚಿಗುರಿ, ಎಲೆತೊಟ್ಟುಗಳಲ್ಲಿ ಮಕರಂದ ಒಸರತೊಡಗಿದಾಗ ಆ ತೋಟದಲ್ಲಿ ಎಲ್ಲಕ್ಕಿಂತ ಮೊದಲು ಜೇನು ಕೋಣೆ ತುಂಬಿಸಿದ್ದು ಅದೇ. ತೋಟದವರು ಅದನ್ನು ವಾಪಸು ಕೊಡುವ ಮಾತೆತ್ತುವುದಿಲ್ಲ. ಜೇನು ತೆಗೆಯುವ ದಿನ ಮಾತ್ರ ಕೈಗವಸಿಲ್ಲದೆ ಆ ಮೂಲೆಗೆ ಯಾರೂ ಹೋಗುವುದಿಲ್ಲ, ಅಡಿಕೆ ಕೊಯ್ಲಿನವರು ಅಲ್ಲಿಯ ಮರಗಳನ್ನು ಬಿಸಿಲೇರುವ ಮೊದಲೇ ಮುಗಿಸುತ್ತಾರೆ.